ಸೀಟು ಕೊಡಿಸಿದರಷ್ಟೇ ಸಾಲದು



ಕಾಲೇಜುಗಳು ತೆರೆಯುವ ಕಾಲ ಬಂತೆಂದರೆ ನಮ್ಮ ಸಂಘದ ಕಚೇರಿಗೆ ಒಂದೇ ಬಗೆಯ ಅರ್ಜಿಗಳು ಬರತೊಡಗುತ್ತವೆ. ಮಗನಿಗೆ ಬಿ.ಕಾಂ. ಸೀಟು ಸಿಕ್ಕಿದೆ, ಮಗಳನ್ನು ಮೈಸೂರಿನ ಹಾಸ್ಟೆಲಿಗೆ ಸೇರಿಸಬೇಕು, ಫಸಲು ಬಂದ ಕೂಡಲೇ ತೀರಿಸುತ್ತೇವೆ, ಸ್ವಲ್ಪ ಮುಂಗಡ ಕೊಡಿ ಎಂದು ಸದಸ್ಯರು ಕೇಳುತ್ತಾರೆ. ಸಂಘವೂ ಕೈಲಾದಷ್ಟು ಕೊಡುತ್ತ ಬಂದಿದೆ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಹಾಗೆ ಕಾಲೇಜು ಸೇರಿದ ಮಕ್ಕಳು ಮೂರು ವರ್ಷದ ಮೇಲೆ ಏನಾದರು ಎಂದು ನಾವು ಇದುವರೆಗೆ ಕೇಳಿದ್ದಿಲ್ಲ. ಕೊಟ್ಟ ಹಣದ ಬಾಕಿ ನಮ್ಮ ಲೆಡ್ಜರಿನಲ್ಲಿ ಪೈಸೆ ಪೈಸೆಗೂ ಇದೆ. ಮಕ್ಕಳ ಲೆಕ್ಕ ಯಾವ ಪುಸ್ತಕದಲ್ಲಿಯೂ ಇಲ್ಲ.

ಈ ವಿಷಯ ಬರೆಯಲು ಕಾರಣವಾದ ಪ್ರಸಂಗವನ್ನು ಹೇಳುತ್ತೇವೆ. ಹೆಸರು ಬೇಡ. ಗುಂಡ್ಲುಪೇಟೆ ತಾಲ್ಲೂಕಿನ ನಮ್ಮ ಸದಸ್ಯರೊಬ್ಬರ ಮಗ ಪಿ.ಯು.ಸಿ.ವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಒಳ್ಳೆಯ ಅಂಕ ತೆಗೆದು ಬಿ.ಕಾಂ. ಸೇರಿದ. ಅಲ್ಲಿ ಪಾಠವೆಲ್ಲ ಇಂಗ್ಲಿಷಿನಲ್ಲಿ. ಮೊದಲ ಸೆಮಿಸ್ಟರಿನಲ್ಲಿ ಎರಡು ವಿಷಯ ಹೋದವು. ಮನೆಯಲ್ಲಿ ಹೇಳಲು ಅಂಜಿದ. ಬೆಳಿಗ್ಗೆ ಬುತ್ತಿ ಕಟ್ಟಿಸಿಕೊಂಡು ಬಸ್ಸು ಹತ್ತುವುದು, ಪೇಟೆಯಲ್ಲಿ ಅಲ್ಲಿ ಇಲ್ಲಿ ಕುಳಿತು ಸಂಜೆ ಹಿಂದಿರುಗುವುದು, ಹೀಗೆ ಐದು ತಿಂಗಳು ಕಳೆದ. ವಿದ್ಯಾರ್ಥಿವೇತನಕ್ಕೆ ಅಂಕಪಟ್ಟಿ ಬೇಕಾದಾಗ ಸಂಗತಿ ಹೊರಬಿತ್ತು. ಆ ತಂದೆ ಸಂಘದ ಕಚೇರಿಯಲ್ಲಿ ಕುಳಿತು ಆಡಿದ ಮಾತು ಇನ್ನೂ ನಮ್ಮ ಕಿವಿಯಲ್ಲಿದೆ: "ತ್ವಾಟದಲ್ಲಿ ಒಂದು ಗಿಡ ಹಳದಿ ತಿರುಗುದ್ರೆ ಮೂರು ದಿನಕ್ಕೆ ಗೊತ್ತಾಯ್ತದೆ ಬುದ್ಧಿ. ಮಗ ಐದು ತಿಂಗಳು ಕಾಲೇಜಿಗೆ ಹೋಗ್ದೆ ಇದ್ದದ್ದು ಗೊತ್ತಾಗ್ನಿಲ್ವಲ್ಲ."

ಆ ಹುಡುಗ ದಡ್ಡನಲ್ಲ, ಸೋಮಾರಿಯೂ ಅಲ್ಲ. ಹೋದ ಎರಡು ವಿಷಯಗಳನ್ನಷ್ಟೇ ಮತ್ತೆ ಬರೆದರೆ ಸಾಕು, ವರ್ಷವೇನೂ ಹಾಳಾಗಿಲ್ಲ ಎಂಬ ಒಂದು ಮಾತನ್ನು ಸಕಾಲದಲ್ಲಿ ಹೇಳುವವರು ಅವನಿಗೆ ಇರಲಿಲ್ಲ. ಅಷ್ಟೇ.

ಇದು ಒಂದು ಮನೆಯ ಕಥೆಯಲ್ಲ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ನೂರಕ್ಕೆ 75ರಷ್ಟಿದ್ದಾಗ ನಮ್ಮ ಚಾಮರಾಜನಗರ ಜಿಲ್ಲೆಯದು 61ರಷ್ಟಿತ್ತು. ಆಗ ಓದು ಬಾರದಿದ್ದ ಮನೆಗಳ ಮಕ್ಕಳೇ ಇಂದು ಕಾಲೇಜಿನ ಬೆಂಚಿನ ಮೇಲೆ ಕುಳಿತಿದ್ದಾರೆ. ಹಾಜರಾತಿ ಕಡಿಮೆಯಾದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂಬುದು, ಆಂತರಿಕ ಅಂಕ ಎಂದರೇನು ಎಂಬುದು, ನಪಾಸಾದರೆ ಮುಂದಿನ ದಾರಿ ಯಾವುದು ಎಂಬುದು ಮನೆಯಲ್ಲಿ ಯಾರಿಗೂ ತಿಳಿಯದು. ಮೇಷ್ಟರ ಮನೆಯ ಮಗುವಿಗೆ ಊಟದ ಹೊತ್ತಿನಲ್ಲಿಯೇ ಗೊತ್ತಾಗುವ ಸಂಗತಿ ನಮ್ಮ ಮಕ್ಕಳಿಗೆ ಒಂದು ಸೆಮಿಸ್ಟರು ಕಳೆದುಕೊಂಡ ಮೇಲೆ ಗೊತ್ತಾಗುತ್ತದೆ.

ನಮ್ಮ ತಪ್ಪನ್ನೂ ಒಪ್ಪಿಕೊಳ್ಳೋಣ. ಬೆಟ್ಟದ ಕಡೆ ಕಾಫಿ ಹಣ್ಣು ಕೀಳುವುದು, ಬಯಲಿನಲ್ಲಿ ಅರಿಸಿನ ಅಗೆಯುವುದು, ಅಡಿಕೆ ಕೊಯ್ಲು, ಎಲ್ಲವೂ ಚಳಿಗಾಲದ ಆಸುಪಾಸಿನಲ್ಲಿ ಬರುತ್ತವೆ. ಸೆಮಿಸ್ಟರ್ ಪರೀಕ್ಷೆಯೂ ಬಹುಮಟ್ಟಿಗೆ ಆಗಲೇ. ಆಳು ಸಿಗುತ್ತಿಲ್ಲ, ಒಂದು ವಾರ ಬಂದು ಹೋಗಪ್ಪ ಎಂದು ಫೋನು ಮಾಡುವವರು ನಾವೇ. ಒಂದು ವಾರ ಮೂರು ವಾರವಾಗುತ್ತದೆ. ಹೋದ ಪಾಠ ಹೋಯಿತು. ತೆರಕಣಾಂಬಿ, ಹಂಗಳ, ಬೇಗೂರು, ಸಂತೇಮರಹಳ್ಳಿಗಳ ಸುತ್ತಿನ ಹಳ್ಳಿಗಳಿಂದ ಬರುವ ಮಕ್ಕಳಿಗೆ ಬೆಳಗಿನ ಒಂದು ಬಸ್ಸು ತಪ್ಪಿದರೆ ಮೊದಲ ತರಗತಿ ತಪ್ಪಿದಂತೆಯೇ. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ದೊರೆತದ್ದು ದೊಡ್ಡ ಅನುಕೂಲ. ಆದರೆ ಹೆಣ್ಣುಮಗಳು ಒಂದು ವಿಷಯದಲ್ಲಿ ಹಿಂದೆ ಬಿದ್ದಳೆಂದರೆ ಮನೆಯಲ್ಲಿ ಬರುವ ಮಾತೇ ಬೇರೆ. "ಓದಿದ್ದು ಸಾಕು, ಗಂಡು ನೋಡಿ" ಎಂದುಬಿಡುತ್ತೇವೆ. ಮಗನಿಗೆ ಕೊಡುವ ಎರಡನೆಯ ಅವಕಾಶವನ್ನು ಮಗಳಿಗೆ ಕೊಡುವುದಿಲ್ಲ.

ಬಿಳಿಗಿರಿರಂಗನ ಬೆಟ್ಟದ ಪೋಡುಗಳಲ್ಲಿ ಕಾಫಿ ಬೆಳೆಯುವ ಸೋಲಿಗ ಕುಟುಂಬಗಳ ಮಕ್ಕಳ ಕಷ್ಟ ಇನ್ನೂ ಹೆಚ್ಚಿನದು. ಬೆಟ್ಟದಲ್ಲಿ 1981ರಲ್ಲಿ ಆರಂಭವಾದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದ ಶಾಲೆಯಂತಹ ಕಡೆ ಓದಿ ಮೇಲೆ ಬಂದ ಮಕ್ಕಳು, ಮುಂದೆ ಪಟ್ಟಣದ ಹಾಸ್ಟೆಲಿನಲ್ಲಿ ತಮ್ಮವರೆಂಬವರೊಬ್ಬರೂ ಇಲ್ಲದೆ ಒಂಟಿಯಾಗುತ್ತಾರೆ. ಹಬ್ಬಕ್ಕೆಂದು ಪೋಡಿಗೆ ಹೋದವರು ಮರಳಿ ಬಾರದಿದ್ದರೆ ಕರೆಯಲು ಹೋಗುವವರು ಬೇಕು.

ಇದಕ್ಕೆ ಕೆಲವು ಸದಸ್ಯರು ಹೇಳುವ ಉತ್ತರ ನಮಗೆ ಗೊತ್ತಿದೆ. "ಫೇಲಾದರೆ ಏನಾಯಿತು, ತೋಟ ಇದೆಯಲ್ಲ? ಎಲ್ಲರೂ ಓದಿ ಪಟ್ಟಣ ಸೇರಿದರೆ ಗಿಡ ನೋಡುವವರು ಯಾರು?" ಈ ಮಾತಿನಲ್ಲಿ ಹುರುಳಿಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಎರಡು ಎಕರೆ ತೋಟ ಇಬ್ಬರು ಗಂಡುಮಕ್ಕಳಿಗೆ ಹಂಚಿಹೋದರೆ ಉಳಿಯುವುದೆಷ್ಟು? ಕೊಳವೆಬಾವಿ ಬತ್ತಿದ ವರ್ಷ, ಆನೆ ಬಂದು ಬಾಳೆ ಅಡಿಕೆ ಎರಡನ್ನೂ ಮುರಿದ ವರ್ಷ, ಆ ತೋಟ ಎಷ್ಟು ಮಂದಿಯನ್ನು ಸಾಕೀತು? ಅದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ಓದು ಮುಗಿಸಿ, ಯೋಚಿಸಿ, ಬೇಸಾಯವೇ ಬೇಕೆಂದು ತೋಟಕ್ಕೆ ಬಂದ ಮಗ ಒಂದು ಬಗೆ. ಸೋತು, ತಲೆ ತಗ್ಗಿಸಿಕೊಂಡು, ಬೇರೆ ದಾರಿಯಿಲ್ಲದೆ ಬಂದ ಮಗ ಮತ್ತೊಂದು ಬಗೆ. ಮೊದಲನೆಯವನು ತೋಟವನ್ನು ಬೆಳೆಸುತ್ತಾನೆ. ಎರಡನೆಯವನಿಗೆ ತೋಟವೇ ಶಿಕ್ಷೆಯಾಗಿ ಕಾಣುತ್ತದೆ.

ಅಡಿಕೆ ಸಸಿ ನೆಟ್ಟವರಿಗೆ ಹೆಚ್ಚು ಹೇಳಬೇಕಾದ್ದಿಲ್ಲ. ಸಸಿ ಕೊಂಡು ಗುಂಡಿಯಲ್ಲಿಟ್ಟು ನಾವು ಕೈತೊಳೆದುಕೊಳ್ಳುತ್ತೇವೆಯೇ? ಮೊದಲ ವರ್ಷಗಳಲ್ಲಿ ಬಾಳೆಯ ನೆರಳು ಕೊಡುತ್ತೇವೆ, ಪಡುವಣ ಬಿಸಿಲು ಬಡಿಯದಂತೆ ಮರೆ ಮಾಡುತ್ತೇವೆ, ಬೇಸಿಗೆಯಲ್ಲಿ ನೀರು ತಪ್ಪಿಸುವುದಿಲ್ಲ. ಬೇರು ಹಿಡಿದ ಮೇಲೆ ಅದು ತಾನೇ ನಿಲ್ಲುತ್ತದೆ. ಕಾಲೇಜಿನ ಮೊದಲ ವರ್ಷವೂ ಹಾಗೆಯೇ. ಆ ಒಂದು ವರ್ಷದ ನೆರಳನ್ನೇ ನಾವು ಕೊಡುತ್ತಿಲ್ಲ.

ಹಿಂದೆ ಹಳ್ಳಿಯಿಂದ ಮೈಸೂರಿಗೆ ಓದಲು ಹೋದ ಎಷ್ಟೋ ಬಡ ಹುಡುಗರು ವಾರಾನ್ನ ಮಾಡಿ ಓದುತ್ತಿದ್ದರು. ದಿನಕ್ಕೊಂದು ಮನೆಯಲ್ಲಿ ಊಟ. ಮಂಗಳವಾರದ ಮನೆಗೆ ಹುಡುಗ ಬಾರದಿದ್ದರೆ, ಜ್ವರ ಬಂತೋ ಏನೋ ಎಂದು ಆ ಮನೆಯ ತಾಯಿ ವಿಚಾರಿಸುತ್ತಿದ್ದಳು. ಆ ಪದ್ಧತಿಗೆ ಜಾತಿಯ ಗೋಡೆಯಿತ್ತು, ಹಂಗಿನ ನೋವೂ ಇತ್ತು. ಅದನ್ನು ಮರಳಿ ತರಬೇಕೆಂಬ ಮಾತಲ್ಲ. ಇಂದು ಸರ್ಕಾರದ ಹಾಸ್ಟೆಲುಗಳಿವೆ, ವಿದ್ಯಾರ್ಥಿವೇತನಗಳಿವೆ. ಆದರೆ ಬಾರದ ಹುಡುಗನನ್ನು ವಿಚಾರಿಸುವ ಆ ಒಂದು ಕಣ್ಣು ಇಲ್ಲದಂತಾಗಿದೆ.

ಆ ಕಣ್ಣಿನ ಬೆಲೆ ಎಷ್ಟೆಂಬುದನ್ನು ದೂರದ ನ್ಯೂಯಾರ್ಕ್ ನಗರದವರು ಅಳೆದು ನೋಡಿದ್ದಾರೆ. ಅಲ್ಲಿನ ಸಾರ್ವಜನಿಕ ಕಾಲೇಜುಗಳಲ್ಲಿ ಬಡವರ ಮಕ್ಕಳು ಸೇರುವುದು ಹೆಚ್ಚು, ಮುಗಿಸುವುದು ಕಡಿಮೆ. 2007ರಲ್ಲಿ ಅವರು ಒಂದು ಯೋಜನೆ ಆರಂಭಿಸಿದರು. ಶುಲ್ಕದಲ್ಲಿ ಕಡಿಮೆ ಬಿದ್ದದ್ದನ್ನು ತುಂಬಿಕೊಡುವುದು, ಪುಸ್ತಕಕ್ಕೆ ನೆರವು, ಓಡಾಟಕ್ಕೆ ಪಾಸು, ಇವುಗಳ ಜೊತೆಗೆ ಪ್ರತಿ ವಿದ್ಯಾರ್ಥಿಗೂ ಆಗಾಗ ಕರೆದು ಮಾತನಾಡಿಸುವ ಒಬ್ಬ ಸಲಹೆಗಾರ, ಮುಂದಿನ ಉದ್ಯೋಗದ ಬಗ್ಗೆ ಮಾರ್ಗದರ್ಶನ. ಯೋಜನೆಗೆ ಸೇರಿದವರನ್ನೂ ಸೇರದವರನ್ನೂ ಹೋಲಿಸಿ ನೋಡಿದಾಗ, ಮೂರು ವರ್ಷದೊಳಗೆ ಓದು ಮುಗಿಸಿದವರು ನೂರಕ್ಕೆ 22ರ ಕಡೆ 40 ಮಂದಿಯಾಗಿದ್ದರು. ಹೆಚ್ಚುಕಡಿಮೆ ಎರಡರಷ್ಟು. ಇದರಲ್ಲಿ ನಮ್ಮಿಂದಾಗದ್ದು ಯಾವುದಿದೆ?

ಅಷ್ಟು ದೂರವಾದರೂ ಏಕೆ? ಗುಂಡ್ಲುಪೇಟೆಯ ನಂಟನ್ನು ತಮ್ಮ ಹೆಸರಿನ ಮೊದಲ ಅಕ್ಷರದಲ್ಲಿಯೇ ಹೊತ್ತಿದ್ದ ಜಿ.ಪಿ. ರಾಜರತ್ನಂ ಅವರು ಎಂ.ಎ. ಮುಗಿಸಿಯೂ ಕೆಲಸ ಸಿಗದೆ ಅಲೆದವರು. ಆಗ ಅವರಿಗೆ ಧೈರ್ಯ ಹೇಳಿ ಕನ್ನಡದ ಕೆಲಸಕ್ಕೆ ಹಚ್ಚಿದವರು ಮಾಸ್ತಿಯವರು. ಮುಂದೆ ರಾಜರತ್ನಂ ತಾವೇ ಮೇಷ್ಟರಾದಾಗ ಕಾಲೇಜುಗಳ ಕನ್ನಡ ಸಂಘಗಳ ಮೂಲಕ ಎಷ್ಟೋ ವಿದ್ಯಾರ್ಥಿಗಳ ಬೆನ್ನು ತಟ್ಟಿ ಬರೆಯಿಸಿದರು. ತಮಗೆ ದೊರೆತ ಕೈಯಾಸರೆಯನ್ನು ಇತರರಿಗೆ ಕೊಟ್ಟರು. ನಾವು ಕೇಳುತ್ತಿರುವುದೂ ಇದನ್ನೇ.

ಆದುದರಿಂದ ಮುಂದಿನ ಸರ್ವಸದಸ್ಯರ ಸಭೆಯ ಮುಂದೆ ನಾವು ಕೆಲವು ಸಲಹೆಗಳನ್ನು ಇಡಬಯಸುತ್ತೇವೆ.

ಮೊದಲನೆಯದಾಗಿ, ಕಾಲೇಜಿನಲ್ಲಿರುವ ಸದಸ್ಯರ ಮಕ್ಕಳೆಲ್ಲರ ಹೆಸರಿಗೆ ಸಂಘದಲ್ಲಿ ಒಂದು ರಿಜಿಸ್ಟರ್ ಇರಲಿ. ಐದು ಮಕ್ಕಳಿಗೆ ಒಬ್ಬರಂತೆ ಹಿತೈಷಿಗಳನ್ನು ಗೊತ್ತುಮಾಡೋಣ. ನಮ್ಮಲ್ಲಿ ನಿವೃತ್ತ ಮೇಷ್ಟರುಗಳಿದ್ದಾರೆ, ಓದು ಮುಗಿಸಿದ ಸದಸ್ಯರ ಮಕ್ಕಳಿದ್ದಾರೆ. ಹೆಣ್ಣುಮಕ್ಕಳಿಗೆ ಹೆಣ್ಣುಮಕ್ಕಳೇ ಹಿತೈಷಿಗಳಾಗಲಿ. ಪೋಡಿನ ಮಕ್ಕಳಿಗೆ ಪೋಡಿನಿಂದ ಓದಿ ಬಂದವರೇ ಆದರೆ ಇನ್ನೂ ಒಳ್ಳೆಯದು. ಹದಿನೈದು ದಿನಕ್ಕೊಮ್ಮೆ ನಾಲ್ಕು ಪ್ರಶ್ನೆ ಕೇಳಿದರೆ ಸಾಕು. ತರಗತಿಗೆ ಹೋಗುತ್ತಿದ್ದೀಯಾ? ಯಾವ ವಿಷಯ ತಿಳಿಯುತ್ತಿಲ್ಲ? ಖರ್ಚಿಗೆ ಏನು ಮಾಡುತ್ತಿದ್ದೀಯೆ? ಊಟ ನಿದ್ದೆ ಸರಿಯಾಗಿದೆಯೇ? ಕೇಳಿದ ಮೇಲೆ ಬೈಯಬಾರದು. ಹಿತೈಷಿ ಅಪ್ಪನ ಗೂಢಚಾರನೂ ಆಗಬಾರದು. ಹಾಗಾದರೆ ಎರಡನೆಯ ಸಲ ಯಾವ ಹುಡುಗನೂ ನಿಜ ಹೇಳುವುದಿಲ್ಲ. ಮನೆಯಲ್ಲಿ ಹೇಳಲೇಬೇಕಾದ ಸಂಗತಿಯಿದ್ದರೆ, ಹುಡುಗನನ್ನು ಒಪ್ಪಿಸಿ, ಜೊತೆಯಲ್ಲಿ ಕುಳಿತು ಹೇಳಿಸಬೇಕು.

ಎರಡನೆಯದಾಗಿ, ಪರೀಕ್ಷೆಗೆ ಮುಂಚಿನ ಒಂದು ತಿಂಗಳು ಮಕ್ಕಳನ್ನು ಕೊಯ್ಲಿಗೆ ಕರೆಯುವುದಿಲ್ಲ ಎಂದು ಸದಸ್ಯರು ತಮಗೆ ತಾವೇ ನಿಯಮ ಹಾಕಿಕೊಳ್ಳಲಿ. ಆ ದಿನಗಳಲ್ಲಿ ಆಳಿನ ಕೊರತೆಯಿದ್ದ ಮನೆಗಳಿಗೆ ಅಕ್ಕಪಕ್ಕದವರು ಮುಯ್ಯಾಳಾಗಿ ಹೋಗುವ ಹಳೆಯ ರೂಢಿಯನ್ನು ಮತ್ತೆ ನಡೆಸಬಹುದು.

ಮೂರನೆಯದಾಗಿ, ವಿದ್ಯಾರ್ಥಿವೇತನದ ಅರ್ಜಿಗಳನ್ನು ಕಾಲಕ್ಕೆ ಸರಿಯಾಗಿ ತುಂಬಲು ಸಂಘದ ಕಚೇರಿಯಲ್ಲಿ ವಾರಕ್ಕೊಂದು ದಿನ ಮೀಸಲಾಗಲಿ. ಆಧಾರ್, ಬ್ಯಾಂಕ್ ಖಾತೆ, ಜಾತಿ ಮತ್ತು ಆದಾಯ ಪ್ರಮಾಣಪತ್ರ ಇವುಗಳಲ್ಲಿ ಹೆಸರಿನ ಒಂದು ಅಕ್ಷರ ಹೆಚ್ಚುಕಡಿಮೆಯಾಗಿ ಹಣ ನಿಂತ ಉದಾಹರಣೆಗಳು ಎಷ್ಟೋ ಇವೆ. ಸಾಲದ ಪತ್ರ ತಿದ್ದಿಕೊಡುವ ನಮ್ಮ ಗುಮಾಸ್ತರಿಗೆ ಇದೇನೂ ಹೊಸ ವಿದ್ಯೆಯಲ್ಲ.

ನಾಲ್ಕನೆಯದು ಉದ್ಯೋಗದ ಮಾತು. ಅಂತಿಮ ವರ್ಷದ ಫಲಿತಾಂಶ ಬಂದ ಮೇಲೆ "ಮುಂದೇನು" ಎಂದು ಕೇಳುವುದು ಮಳೆ ನಿಂತ ಮೇಲೆ ಕೊಡೆ ಬಿಚ್ಚಿದಂತೆ. ಎರಡನೆಯ ವರ್ಷದಿಂದಲೇ ಕೇಳಬೇಕು. 2024ರ ಜನವರಿಯಲ್ಲಿ ಆರಂಭವಾದ ಯುವನಿಧಿ ಯೋಜನೆಯಲ್ಲಿ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿಯಂತೆ ಗರಿಷ್ಠ ಎರಡು ವರ್ಷ ಕೊಡುವುದೆಂದು ಗೊತ್ತುಮಾಡಲಾಯಿತು. ಅದೂ ಪಾಸಾದವರಿಗೆ ಮಾತ್ರ. ನಡುವೆ ಬಿಟ್ಟವರಿಗೆ ಅದೂ ಇಲ್ಲ. ರಜೆಯಲ್ಲಿ ಇಬ್ಬರು ಮೂವರು ವಿದ್ಯಾರ್ಥಿಗಳನ್ನು ಸಂಘದಲ್ಲಿಯೇ ಕೆಲಸಕ್ಕೆ ತೆಗೆದುಕೊಳ್ಳೋಣ. ತೂಕ, ತೇವಾಂಶ ಪರೀಕ್ಷೆ, ದಾಸ್ತಾನು, ಕಂಪ್ಯೂಟರಿನಲ್ಲಿ ಲೆಕ್ಕ, ಬ್ಯಾಂಕಿಗೆ ಪತ್ರ ಬರೆಯುವುದು, ಇವನ್ನು ಕಲಿತ ಹುಡುಗಿ ಸಂದರ್ಶನದಲ್ಲಿ ತಡವರಿಸುವುದಿಲ್ಲ. ನಮ್ಮ ಬೆಳೆಯ ಸುತ್ತಲೇ ಇರುವ ದಾರಿಗಳೂ ಮಕ್ಕಳಿಗೆ ತಿಳಿಯಲಿ. ಕಾಫಿ ಮಂಡಳಿಯು ವಿಜ್ಞಾನ ಮತ್ತು ಕೃಷಿ ಪದವೀಧರರಿಗಾಗಿ ಕಾಫಿ ಗುಣಮಟ್ಟದ ಬಗ್ಗೆ ಒಂದು ವರ್ಷದ ಸ್ನಾತಕೋತ್ತರ ಡಿಪ್ಲೊಮಾ ನಡೆಸುತ್ತದೆ. ಕೃಷಿ, ತೋಟಗಾರಿಕೆ ಪದವಿಗಳಲ್ಲಿ ಕೃಷಿಕರ ಮಕ್ಕಳಿಗೆಂದು ಮೀಸಲಾದ ಸೀಟುಗಳನ್ನು 2021ರಲ್ಲಿ ನೂರಕ್ಕೆ 40ರಿಂದ 50ಕ್ಕೆ ಏರಿಸಲಾಯಿತು. ಪಿ.ಯು.ಸಿ. ವಿಜ್ಞಾನ ಓದುವ ನಮ್ಮ ಮಕ್ಕಳಲ್ಲಿ ಇದನ್ನು ಬಲ್ಲವರೆಷ್ಟು ಮಂದಿ?

ಈಗಾಗಲೇ ಬಿಟ್ಟು ಕುಳಿತವರನ್ನೂ ಮರೆಯಬಾರದು. ಹೋದ ವಿಷಯ ಕಟ್ಟಿ ಮುಗಿಸಲು ಎಷ್ಟೋ ಮಂದಿಗೆ ಇನ್ನೂ ಕಾಲಾವಕಾಶವಿರುತ್ತದೆ. ಅದು ಮೀರಿದ್ದರೆ ಮೈಸೂರಿನಲ್ಲಿ 1996ರಿಂದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಿದೆ. ತೋಟ ನೋಡಿಕೊಂಡೇ ಪದವಿ ಮುಗಿಸಬಹುದು.

ಖರ್ಚಿನ ಪ್ರಶ್ನೆ ಬರುತ್ತದೆ. ಹಿತೈಷಿಗಳ ಬಸ್ಸಿನ ಖರ್ಚು, ಫೋನಿನ ಖರ್ಚು, ವರ್ಷಕ್ಕೆರಡು ಸಭೆಗಳ ಕಾಫಿ ತಿಂಡಿ, ಇಷ್ಟೇ. ಲಾಭದಲ್ಲಿ ಸಮಾಜದ ಕೆಲಸಕ್ಕೆಂದು ತೆಗೆದಿಡುವ ಹಣದಲ್ಲಿ ಇದು ಸಣ್ಣ ಭಾಗ. ಸಂಘವೆಂದರೆ ಗೊಬ್ಬರ, ಸಾಲ ಮತ್ತು ಗೋದಾಮು ಮಾತ್ರ ಎಂದು ತಿಳಿದವರಿಗೆ ಒಂದು ಮಾತು. 1905ರಲ್ಲಿ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದು, ಒಬ್ಬೊಬ್ಬನೇ ನಿಂತರೆ ಬೀಳುವ ರೈತ ಹತ್ತು ಮಂದಿಯೊಡನೆ ನಿಂತರೆ ಬೀಳುವುದಿಲ್ಲ ಎಂಬ ನಂಬಿಕೆಯಿಂದ. ಅಪ್ಪಂದಿರಿಗೆ ಹೊಂದಿದ ಈ ಮಾತು ಮಕ್ಕಳಿಗೆ ಹೊಂದದೆ ಹೋದೀತೇ?

ಆ ಬಿ.ಕಾಂ. ಹುಡುಗನ ವಿಷಯ ತಿಳಿಯಲು ಓದುಗರಿಗೆ ಕುತೂಹಲವಿರಬಹುದು. ಸಂಘದ ಒಬ್ಬ ನಿವೃತ್ತ ಮೇಷ್ಟರು ಅವನನ್ನು ಕರೆದುಕೊಂಡು ಕಾಲೇಜಿಗೆ ಹೋಗಿ ಬಂದರು. ಹಾಜರಾತಿ ಇಲ್ಲದ ಸೆಮಿಸ್ಟರನ್ನು ಅವನು ಮತ್ತೆ ಓದಬೇಕಾಗಿದೆ. ಒಂದು ವರ್ಷ ಹೋಯಿತು. ಹೋದ ಎರಡು ವಿಷಯಗಳಲ್ಲಿ ಒಂದನ್ನು ಈಗ ಪಾಸು ಮಾಡಿದ್ದಾನೆ, ಇನ್ನೊಂದು ಬಾಕಿಯಿದೆ. ಮೊದಲ ತಿಂಗಳಲ್ಲಿಯೇ ಯಾರಾದರೂ ಕೇಳಿದ್ದರೆ ಆ ವರ್ಷವೂ ಉಳಿಯುತ್ತಿತ್ತು.

ಈ ಸಂಚಿಕೆ ಕೈಗೆ ಬಂದ ದಿನ, ಕಾಲೇಜಿಗೆ ಹೋಗುವ ನಿಮ್ಮ ಮಗನನ್ನೋ ಮಗಳನ್ನೋ ಪಕ್ಕದಲ್ಲಿ ಕೂರಿಸಿಕೊಂಡು ಕೇಳಿರಿ. ಎಷ್ಟು ಅಂಕ ಬಂತು ಎಂದಲ್ಲ, ಹೇಗಿದ್ದೀಯೆ, ಯಾವುದು ಕಷ್ಟವಾಗುತ್ತಿದೆ ಎಂದು. ಉತ್ತರ ಬರಲು ಸ್ವಲ್ಪ ಹೊತ್ತಾದೀತು. ಕಾಯಿರಿ. ಸರ್ವಸದಸ್ಯರ ಸಭೆಗೆ ಬರುವಾಗ ಮಕ್ಕಳ ಹೆಸರು, ಓದುವ ತರಗತಿ, ಕಾಲೇಜು ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ತನ್ನಿರಿ. ರಿಜಿಸ್ಟರನ್ನು ಅಂದೇ ಆರಂಭಿಸೋಣ.