ಮುದಿ ಇಲಿ ಹೇಳುವ ಪಾಠ

ಇಲಿ ಅಂದರೆ ನಮಗೆಲ್ಲ ಅಕ್ಕಿಮೂಟೆಯ ಶತ್ರು. ಬೋನು ಇಟ್ಟು ಹಿಡಿಯುವುದೊಂದೇ ನಮಗೆ ಗೊತ್ತು. ಆದರೆ ಸೋದರಿಯರೇ, ಪ್ರಯೋಗಶಾಲೆಯಲ್ಲಿ ಸಾಕಿದ ಇಲಿಗಳಿಂದ ನಾವು ಕಲಿಯುವುದೂ ಇದೆ. ಅವುಗಳ ಆಯುಸ್ಸು ಎರಡೂವರೆ, ಮೂರು ವರ್ಷ ಅಷ್ಟೇ. ಹಾಗಾಗಿ ಮುಪ್ಪು ಬಂದಾಗ ಏನಾಗುತ್ತದೆಂದು ವಿಜ್ಞಾನಿಗಳು ಹತ್ತಿರದಿಂದ ನೋಡಬಹುದು.

1979ರಲ್ಲಿ ಕ್ಯಾರಲ್ ಬಾರ್ನ್ಸ್ ಎಂಬ ವಿಜ್ಞಾನಿ ಒಂದು ಪರೀಕ್ಷೆಯ ವಿವರ ಪ್ರಕಟಿಸಿದರು. ದುಂಡನೆಯ ದೊಡ್ಡ ಹಲಗೆ. ಅಂಚಿನ ಸುತ್ತ 18 ತೂತು. ಮೇಲೆ ಪ್ರಖರ ಬೆಳಕು. ಇಲಿಗೆ ಬೆಳಕೂ ಆಗದು, ಬಯಲೂ ಆಗದು. ಒಂದೇ ಒಂದು ತೂತಿನ ಕೆಳಗೆ ಅಡಗಲು ಕತ್ತಲ ಗೂಡು. ಸುತ್ತಲಿನ ಗುರುತು ನೋಡಿ ಆ ಜಾಗ ನೆನಪಿಟ್ಟುಕೊಳ್ಳಬೇಕು. 10ರಿಂದ 16 ತಿಂಗಳ ಇಲಿಗಳು ಬೇಗ ಕಲಿತವು. 28ರಿಂದ 34 ತಿಂಗಳ ಮುದಿ ಇಲಿಗಳು ತಪ್ಪು ತೂತಿಗೆ ಹೆಚ್ಚು ಸಲ ಮೂತಿ ಹಾಕಿದವು.

‘ನಮ್ಮತ್ತೆಯದೂ ಇದೇ ಕಥೆ, ಕನ್ನಡಕ ಎಲ್ಲಿಟ್ಟೆ ಅಂತ ದಿನಕ್ಕೆ ಹತ್ತು ಸಲ ಕೇಳ್ತಾರೆ’ ಅಂತೀರಾ? ಸ್ವಲ್ಪ ತಾಳಿ. ಎಲ್ಲ ಮುದಿ ಇಲಿಗಳೂ ಒಂದೇ ಥರ ಅಲ್ಲ. ಕೆಲವು ಎಳೆಯವುಗಳಷ್ಟೇ ಚುರುಕಾಗಿ ಜಾಗ ಕಂಡುಹಿಡಿಯುತ್ತವೆ.

ಇನ್ನೊಂದು ಸಂಗತಿ ಕೇಳಿ. ಕ್ಯಾಲಿಫೋರ್ನಿಯಾದ ಮರಿಯನ್ ಡೈಮಂಡ್ ಅವರು 766 ದಿನ ವಯಸ್ಸಿನ ಇಲಿಗಳನ್ನು, ಜೊತೆಗಾರರೂ ಆಟದ ಸಾಮಾನೂ ಇರುವ ದೊಡ್ಡ ಗೂಡಿನಲ್ಲಿ 904ನೇ ದಿನದವರೆಗೆ ಇಟ್ಟರು. ಆ ವಯಸ್ಸಿನಲ್ಲೂ ಅವುಗಳ ಮಿದುಳಿನ ಹೊರಪದರ ಕೆಲವೆಡೆ ದಪ್ಪವಾಗಿತ್ತು! ಇದು 1985ರಲ್ಲಿ ಪ್ರಕಟವಾಯಿತು. 2005ರ ಮತ್ತೊಂದು ಅಧ್ಯಯನದಲ್ಲಿ, 19 ತಿಂಗಳ ಸುಂಡಿಲಿಗಳಿಗೆ ಓಡಲು ಚಕ್ರ ಕೊಟ್ಟರು. ತಿಂಗಳ ಬಳಿಕ ನೀರಿನ ತೊಟ್ಟಿಯಲ್ಲಿ ಮರೆಯಾಗಿರುವ ಮೆಟ್ಟನ್ನು ಹುಡುಕುವ ಪರೀಕ್ಷೆ. ಓಡಿದ ಸುಂಡಿಲಿಗಳು ಓಡದ ಓರಗೆಯವುಗಳಿಗಿಂತ ಬೇಗ ಕಲಿತವು, ಚೆನ್ನಾಗಿ ನೆನಪಿಟ್ಟುಕೊಂಡವು.

ಇಲಿಗೂ ಮನುಷ್ಯರಿಗೂ ಒಂದೇ ಲೆಕ್ಕ ಅಲ್ಲ, ಒಪ್ಪಿದೆ. ಆದರೂ ಮುಪ್ಪಿಗೆ ಕಲಿಕೆ ನಿಧಾನವಾಗುತ್ತದೆಯೇ ಹೊರತು ಬಾಗಿಲು ಮುಚ್ಚುವುದಿಲ್ಲ ಎಂಬುದನ್ನು ನೆನಪಿಡಿ. ‘ವಯಸ್ಸಾಯ್ತು, ನೀವು ಸುಮ್ಮನೆ ಕೂತ್ಕೊಳ್ಳಿ’ ಅಂತ ಕೈಯಲ್ಲಿದ್ದ ಕೆಲಸವನ್ನೆಲ್ಲ ಕಿತ್ತುಕೊಂಡು ಮೂಲೆಗೆ ಕೂರಿಸಿದರೆ, ಅದು ಉಪಕಾರವಲ್ಲ.

ಹಿರಿಯರ ಕನ್ನಡಕ, ಔಷಧಿ ಡಬ್ಬಿ, ಕೀಲಿಕೈಗೆ ಒಂದೊಂದು ಖಾಯಂ ಜಾಗ ಮಾಡಿ. ಅಡಿಗೆಮನೆಯ ಡಬ್ಬಗಳನ್ನು ಪದೇ ಪದೇ ಸ್ಥಳ ಬದಲಿಸಬೇಡಿ. ಮೊಬೈಲ್ ಕಲಿಸುವಾಗ ಒಂದು ದಿನಕ್ಕೆ ಒಂದೇ ಪಾಠ, ನಾಲ್ಕು ಸಲ, ಗದರದೆ. ಸಂಜೆ ದೇವಸ್ಥಾನದವರೆಗೆ ನಡೆಯಲಿ, ಮೊಮ್ಮಕ್ಕಳ ಜೊತೆ ಚೌಕಾಬಾರ ಆಡಲಿ. ‘ಅತ್ತೆ, ಹಾಲಿನ ಲೆಕ್ಕ ನೀವೇ ನೋಡಿ’ ಅನ್ನಿ.

ಆದರೆ ಮರೆವು ದಿಢೀರನೆ ಹೆಚ್ಚಿದರೆ, ಗೊತ್ತಿರುವ ದಾರಿಯೇ ತಪ್ಪತೊಡಗಿದರೆ, ವಯಸ್ಸಿನ ಮೇಲೆ ಹಾಕಿ ಸುಮ್ಮನಿರಬೇಡಿ. ತಡಮಾಡದೆ ಡಾಕ್ಟರಿಗೆ ತೋರಿಸಿ.