ದೊಡ್ಡ ಪರದೆಯ ಫೋನು

ನಮ್ಮ ಅತ್ತೆಯವರಿಗೂ ಧಾರವಾಡದಲ್ಲಿರುವ ಅವರ ತಂಗಿಗೂ ಈಗ ಕಾಗದಗಳಿಗೆ ಬದಲಾಗಿ ಫೋನಿನ ಸಂದೇಶಗಳು ನಡೆಯುತ್ತವೆ. ಕಣ್ಣು ಮಂದವಾದ ಮೇಲೆ ಅತ್ತೆಯವರು ಅವನ್ನು ಮೊಮ್ಮಗನಿಂದ ಓದಿಸಿಕೊಳ್ಳತೊಡಗಿದರು. ಅಕ್ಕತಂಗಿಯರ ಸುಖದುಃಖಗಳು ಹುಡುಗನ ಬಾಯಿಂದ ನಡುಮನೆಗೆಲ್ಲ ಕೇಳಿಸುತ್ತಿದ್ದುವು. ಅತ್ತೆಯವರು ಏನೂ ಹೇಳಲಿಲ್ಲ; ತಂಗಿಯ ಸಂದೇಶಗಳು ಮಾತ್ರ ಬರಬರುತ್ತ ಚಿಕ್ಕವಾದುವು. ಇದನ್ನು ಕಂಡು ಕಳೆದ ತಿಂಗಳು 6.7 ಅಂಗುಲದ ಹೊಸ ಫೋನೊಂದನ್ನು ತರಿಸಿದೆವು. ಅದು ಎಷ್ಟರ ಮಟ್ಟಿಗೆ ಉಪಯೋಗಕ್ಕೆ ಬಂದಿತೆಂಬುದನ್ನು ವಾಚಕರಿಗೆ ತಿಳಿಸುವೆನು.

ಹಳೆಯದು 5.5 ಅಂಗುಲದ್ದು. ಒಂದು ಅಂಗುಲಕ್ಕೂ ಹೆಚ್ಚು ದೊಡ್ಡದಾಯಿತಲ್ಲ ಎಂದು ಹಿಗ್ಗಿದೆವು. ಅಳತೆಪಟ್ಟಿಯಿಟ್ಟು ನೋಡಿದರೆ ಪರದೆಯ ಅಗಲವು ಹಳೆಯದರಲ್ಲಿ 68 ಮಿಲಿಮೀಟರಿಗೆ ತುಸು ಮೇಲೆ, ಹೊಸದರಲ್ಲಿ 70ಕ್ಕೆ ಕೊಂಚ ಕಡಿಮೆ! ಅಂಗಡಿಯವರು ಹೇಳುವ ಅಂಗುಲವು ಮೂಲೆಯಿಂದ ಮೂಲೆಗೆ ಎಳೆದ ಕರ್ಣದ ಅಳತೆ. ಹಳೆಯ ಪರದೆಯ ಉದ್ದ ಅಗಲಗಳು 16ಕ್ಕೆ 9ರಂತೆ ಇದ್ದುವು. ಹೊಸದು 20ಕ್ಕೆ 9ರಂತೆ ನೀಳವಾಗಿದೆ. ಬೆಳೆದುದೆಲ್ಲ ಉದ್ದಕ್ಕೆ. 2011ರಲ್ಲಿ ಸ್ಯಾಮ್‌ಸಂಗಿನವರು 5.3 ಅಂಗುಲದ ಗ್ಯಾಲಕ್ಸಿ ನೋಟನ್ನು ಹೊರತಂದಾಗ, ಇಷ್ಟು ದೊಡ್ಡ ಹಲಗೆಯನ್ನು ಕಿವಿಗಿಟ್ಟುಕೊಳ್ಳುವವರಾರೆಂದು ನಕ್ಕವರುಂಟು. ಅದರ ಪರದೆ 16ಕ್ಕೆ 10ರಂತೆ ಇದ್ದುದರಿಂದ ಅಗಲವು ಸುಮಾರು 71 ಮಿಲಿಮೀಟರು. ನಮ್ಮ ಈ 6.7 ಅಂಗುಲದ್ದಕ್ಕಿಂತಲೂ ಹೆಚ್ಚು.

ಓದುವುದಕ್ಕೆ ಇದರಿಂದ ನಷ್ಟವಿಲ್ಲ. ಅಕ್ಷರಗಳನ್ನು ದೊಡ್ಡವು ಮಾಡಿದರೆ ಸಾಲಿಗೆ ಎರಡು ಮೂರು ಪದಗಳೇ ಹಿಡಿಯುವುವು, ನಿಜ. ಆದರೆ ಒತ್ತಕ್ಷರಗಳುಳ್ಳ ನಮ್ಮ ಲಿಪಿಗೆ ಸಾಲಿನ ಕೆಳಗೆ ಇಂಬು ಬೇಕು, ನೀಳವಾದ ಪರದೆಯಲ್ಲಿ ಅದು ಧಾರಾಳವಾಗಿ ದೊರೆಯುವುದು.

ಬರೆಯುವುದೇ ಕಷ್ಟ. ಕೀಲಿಮಣೆಯ ಸಾಲು ಪರದೆಯ ಅಗಲದೊಳಗೇ ಅಡಗಬೇಕಾದುದರಿಂದ ಕೀಲಿಗಳು ಹಿಂದಿನಷ್ಟೇ ಇಕ್ಕಟ್ಟು. ಫೋನನ್ನು ಅಡ್ಡ ಹಿಡಿದರೆ ಅವು ಅಗಲವಾಗುವುವು, ಆದರೆ ಬರೆದ ಸಾಲುಗಳಿಗೆ ಸ್ಥಳವುಳಿಯದು. ಬಾಯಿಂದ ಹೇಳಿದರೆ ತಾನೇ ಬರೆದುಕೊಳ್ಳುವ ಏರ್ಪಾಡು ಕನ್ನಡದಲ್ಲಿಯೂ ಇದೆ. ಅತ್ತೆಯವರು ಅದನ್ನೊಪ್ಪಲಿಲ್ಲ. ಎಲ್ಲರೆದುರು ಹೇಳಿ ಬರೆಯಿಸುವುದಕ್ಕೂ ಹುಡುಗನಿಂದ ಓದಿಸುವುದಕ್ಕೂ ಭೇದವೇನು?

ಇನ್ನು ಸ್ಪರ್ಶದ ಮಾತು. ಬೆರಳು ತಗಲಿದಾಗ ಗಾಜಿನಡಿಯ ಪದರದಲ್ಲಿ ಆಗುವ ವಿದ್ಯುದಂಶದ ವ್ಯತ್ಯಾಸದಿಂದ ಈ ಯಂತ್ರವು ನಮ್ಮ ಇಚ್ಛೆಯನ್ನು ತಿಳಿಯುತ್ತದೆ. ಆದುದರಿಂದಲೇ ಒದ್ದೆ ಕೈಗೆ ತಪ್ಪಾಗಿ ಓಗೊಡುವುದು. ತೀರ ಒಣಗಿದ ಮುದಿಬೆರಳಿಗೆ ಒಮ್ಮೊಮ್ಮೆ ಓಗೊಡದೆಯೇ ಇರುವುದು. ವಿದ್ಯುತ್ತು ಹಾಯುವ ರಬ್ಬರು ತುದಿಯ ಕಡ್ಡಿಯೊಂದನ್ನು ಕೊಂಡ ಮೇಲೆ ಈ ತೊಂದರೆಯೂ ಬರವಣಿಗೆಯ ತೊಂದರೆಯೂ ಅರ್ಧದಷ್ಟು ತಗ್ಗಿದುವು. ತೂಕವು 200 ಗ್ರಾಮಿಗೆ ಮೇಲಿದೆ. ಮಲಗಿ ಓದುವವರು ಮುಖದ ಮೇಲೆ ಬೀಳಿಸಿಕೊಂಡಾರು, ಜೋಕೆ.

ಕೊಳ್ಳುವವರು ಅಂಗುಲದ ಲೆಕ್ಕವನ್ನು ನೆಚ್ಚಿ ಹಣ ಕೊಡಕೂಡದು. ಬಳಸತಕ್ಕವರನ್ನೇ ಅಂಗಡಿಗೆ ಕರೆದೊಯ್ದು, ಕನ್ನಡದ ಅಕ್ಷರಗಳನ್ನು ಬೇಕಾದಷ್ಟು ದೊಡ್ಡವು ಮಾಡಿಸಿ, ಅವರ ಕೈಯಿಂದಲೇ ನಾಲ್ಕು ಸಾಲು ಓದಿಸಿ ಎರಡು ಸಾಲು ಬರೆಯಿಸಬೇಕು. ನಾವು ಹಾಗೆ ಮಾಡಲಿಲ್ಲ.

ಈಗ ಮಧ್ಯಾಹ್ನದ ಹೊತ್ತು ಅತ್ತೆಯವರು ಕಿಟಕಿಯ ಬಳಿ ಕುಳಿತು ತಾವೇ ಓದಿಕೊಳ್ಳುತ್ತಾರೆ. ಮೊನ್ನೆ ಧಾರವಾಡದಿಂದ ಬಂದ ಸಂದೇಶವು ಮೂರು ಸಲ ಬೆರಳಿನಿಂದ ಸರಿಸುವಷ್ಟು ಉದ್ದವಾಗಿದ್ದಿತು. ಅದರಲ್ಲಿ ಏನಿತ್ತೆಂದು ನಾನು ಕೇಳಲಿಲ್ಲ.