ಚಿಕೋರಿ ಬೆರೆತ ಅಂಕಿಗಳು

"ಅಂಕಿಗೆ ಎಂಥ ಮಡಿ ಮೈಲಿಗೆ ಮಾರಾಯ? ಎಪ್ಪತ್ತು ಅಂದ್ರೆ ಎಪ್ಪತ್ತು!"

ಇದು ಅಮೆರಿಕದಲ್ಲಿರುವ ನಮ್ಮ ಭಾವನ ವಾದ. ಭಾವನಿಗೆ ಬೇಸ್‌ಬಾಲ್ ಹುಚ್ಚು. ಆಟ ನೋಡುವ ಹುಚ್ಚಿಗಿಂತ ಲೆಕ್ಕ ಹಾಕುವ ಹುಚ್ಚೇ ಜಾಸ್ತಿ. ನೂರು ವರ್ಷದ ಆಟಗಾರರನ್ನೆಲ್ಲ ಕಂಪ್ಯೂಟರಿಗೆ ತುಂಬಿಸಿ, ಸತ್ತವರನ್ನೂ ಇದ್ದವರನ್ನೂ ಒಂದೇ ಮೈದಾನಕ್ಕಿಳಿಸಿ ಆಡಿಸುತ್ತಾರೆ. ಅವರ ಈ ಸಿಮ್ಯುಲೇಶನ್‌ನಲ್ಲಿ 1998ರ ಮಾರ್ಕ್ ಮೆಕ್‌ಗ್ವೈರ್ ಇರುವ ತಂಡವೇ ಮೇಲುಗೈ. ಆ ಮನುಷ್ಯ ಸ್ಟೆರಾಯ್ಡ್ ತೊಗೊಂಡಿದ್ದ ಅಂತ ತಾನೇ ಒಪ್ಪಿಕೊಂಡಿದ್ದಾನಲ್ಲ ಭಾವ ಅಂದರೆ ಮೇಲಿನ ಉತ್ತರ.

ಈ ಉತ್ತರ ನನಗೆ ಸುತಾರಾಂ ಒಪ್ಪಿಗೆಯಿಲ್ಲ. ಯಾಕೆ ಅಂತ ಹೇಳುತ್ತೇನೆ. ಬೇಸ್‌ಬಾಲ್ ಗೊತ್ತಿಲ್ಲದವರೂ ಓದಬಹುದು, ನನಗೂ ಅಷ್ಟೇನೂ ಗೊತ್ತಿಲ್ಲ :)

ಮೊದಲು ಸಿಮ್ಯುಲೇಶನ್ ಅಂದರೇನು ನೋಡೋಣ. ಕಳಸ, ಮೂಡಿಗೆರೆ ಕಡೆ ಜುಲೈ ಮಳೆಗೆ ಶಾಲೆಗೆ ರಜೆ ಕೊಟ್ಟಾಗ ಬುಕ್ ಕ್ರಿಕೆಟ್ ಆಡದವರು ಯಾರಿದ್ದಾರೆ? ಪುಸ್ತಕ ತೆರೆ, ಪುಟದ ಕೊನೆಯ ಅಂಕಿ ನೋಡು, ಸೊನ್ನೆ ಬಂದರೆ ಔಟ್. ಅದೂ ಒಂದು ಸಿಮ್ಯುಲೇಶನ್ನೇ. ಆದರೆ ಅದರಲ್ಲಿ ದ್ರಾವಿಡನೂ ಒಂದೇ, ವೆಂಕಟೇಶ ಪ್ರಸಾದನೂ ಒಂದೇ. ಪುಸ್ತಕಕ್ಕೆ ಯಾರು ಬ್ಯಾಟು ಹಿಡಿದಿದ್ದಾರೆ ಅಂತ ಗೊತ್ತಿಲ್ಲವಲ್ಲ. ಅಮೆರಿಕದವರು ಇದನ್ನು ಸರಿಮಾಡಿದರು. 1961ರಲ್ಲಿ ಸ್ಟ್ರಾಟ್-ಓ-ಮ್ಯಾಟಿಕ್ ಅಂತ ಒಂದು ಆಟ ಬಂತು. ಪ್ರತಿ ಆಟಗಾರನಿಗೂ ಒಂದೊಂದು ಕಾರ್ಡು, ಜೊತೆಗೆ ದಾಳ. ಆತ ನಿಜವಾದ ಸೀಸನ್ನಿನಲ್ಲಿ ಎಷ್ಟು ಸಲ ಹೊಡೆದ, ಎಷ್ಟು ಸಲ ಔಟಾದ ಅನ್ನುವುದನ್ನೆಲ್ಲ ಲೆಕ್ಕ ಹಾಕಿ ಆ ಕಾರ್ಡು ಮಾಡಿರುತ್ತಾರೆ. ಕಂಪ್ಯೂಟರ್ ಮಾಡುವುದೂ ಇದನ್ನೇ, ಅದು ದಾಳವನ್ನು ಕ್ಷಣಕ್ಕೆ ಲಕ್ಷ ಸಲ ಉರುಳಿಸಬಲ್ಲದು ಅಷ್ಟೆ.

ಈಗ ಮೆಕ್‌ಗ್ವೈರ್ ಕಾರ್ಡಿಗೆ ಬನ್ನಿ. 1998ರಲ್ಲಿ ಆತ ಬ್ಯಾಟು ಹಿಡಿದು ನಿಂತದ್ದು 681 ಸಲ, ಹೋಮ್ ರನ್ (ನಮ್ಮ ಸಿಕ್ಸರ್ ಇದ್ದಂತೆ) ಹೊಡೆದದ್ದು 70. ಅದಕ್ಕೂ ಹಿಂದಿನ ದಾಖಲೆ ರೋಜರ್ ಮಾರಿಸ್‌ನದು, 1961ರಲ್ಲಿ 61. ಮೂವತ್ತೇಳು ವರ್ಷ ಯಾರೂ ಮುಟ್ಟದ ದಾಖಲೆ. 2010ರ ಜನವರಿಯಲ್ಲಿ ಮೆಕ್‌ಗ್ವೈರ್ ಬಾಯಿಬಿಟ್ಟ, ಆ ವರ್ಷವೂ ಸ್ಟೆರಾಯ್ಡ್ ತೊಗೊಂಡಿದ್ದೆ ಅಂತ. ತೊಗೊಂಡದ್ದು ಗಾಯ ವಾಸಿಯಾಗಲಿ ಅಂತ, ಹೊಡೆದದ್ದು ನನ್ನ ಪ್ರತಿಭೆಯಿಂದಲೇ ಅಂತ ಬೇರೆ ಸೇರಿಸಿದ!

ಹಾಗಾದರೆ ಎಪ್ಪತ್ತರಲ್ಲಿ ಔಷಧಿಯದ್ದೆಷ್ಟು? ಐದೇ? ಹದಿನೈದೇ? ಔಷಧಿ ಮುಟ್ಟದ 1998ರ ಮೆಕ್‌ಗ್ವೈರ್ ಅನ್ನುವವನು ಎಲ್ಲೂ ಇಲ್ಲ, ಆದ್ದರಿಂದ ಕಳೆಯುವ ಲೆಕ್ಕವೂ ಇಲ್ಲ. ಆದರೆ ಕಾರ್ಡಿಗೆ ಇದ್ಯಾವುದೂ ಗೊತ್ತಿಲ್ಲ. ಅದು ಹತ್ತು ಸಲಕ್ಕೆ ಒಂದು ಹೋಮ್ ರನ್ ಅಂತ ನಂಬಿಕೊಂಡು ಕೂತಿದೆ. ಹತ್ತು ಸಾವಿರ ಸೀಸನ್ ಆಡಿಸಿ, ಸರಾಸರಿ ಎಪ್ಪತ್ತೇ ಬರುತ್ತದೆ. ಭಾವ ಅದನ್ನು ತೋರಿಸಿ "ನೋಡು, ಎಷ್ಟು ಕರೆಕ್ಟು" ಅನ್ನುತ್ತಾರೆ. ಅಲ್ಲಾ ಸ್ವಾಮೀ, ಒಂದು ಸುಳ್ಳನ್ನು ಹತ್ತು ಸಾವಿರ ಸಲ ಹೇಳಿಸಿದರೆ ಅದು ಲೆಕ್ಕ ಆಗುತ್ತದೆಯೇ?

ನಮ್ಮ ತೋಟದ ಮನೆಗಳಲ್ಲಿ ಮಳೆ ಲೆಕ್ಕದ ಪುಸ್ತಕ ಇರುತ್ತದೆ. ಬೆಳಗ್ಗೆ ಎದ್ದ ಕೂಡಲೇ ಮಳೆ ಅಳೆದು ಇಂಚು, ಸೆಂಟುಗಳಲ್ಲಿ ಬರೆದಿಡುವುದು ಅಜ್ಜನ ಕಾಲದಿಂದ ಬಂದ ಪದ್ಧತಿ. ಹೂಮಳೆಗೆ ಕಾಯುವುದೋ, ಸ್ಪ್ರಿಂಕ್ಲರ್ ಹಾಕುವುದೋ ಅಂತ ತೀರ್ಮಾನ ಮಾಡುವಾಗ ಆ ಪುಸ್ತಕ ತೆಗೆಯುತ್ತೇವೆ. ಮಧ್ಯೆ ಒಂದೈದು ವರ್ಷ ಯಾರೋ ಪುಣ್ಯಾತ್ಮ ರಾತ್ರಿ ಬಂದು ಮಾಪಕಕ್ಕೆ ಚೊಂಬು ನೀರು ಸುರಿದು ಹೋಗುತ್ತಿದ್ದ ಅಂತಿಟ್ಟುಕೊಳ್ಳಿ. ಯಾವ ದಿನ ಸುರಿದ, ಯಾವ ದಿನ ಬಿಟ್ಟ ಗೊತ್ತಿಲ್ಲ. ಆಮೇಲೆ ಸರಾಸರಿ ತೆಗೆದರೆ ಹಾಳಾಗುವುದು ಆ ಐದು ವರ್ಷ ಮಾತ್ರವಲ್ಲ. ಈ ವರ್ಷ ಸರಿಯಾಗಿ ಬಂದ ಮಳೆಯೂ "ವಾಡಿಕೆಗಿಂತ ಕಮ್ಮಿ" ಅನ್ನಿಸಿಕೊಳ್ಳುತ್ತದೆ.

ನನಗೆ ಸಿಟ್ಟು ಬರುವುದು ಇಲ್ಲೇ. ಭಾವನ ಇನ್ನೊಂದು ವಾದ ಏನೆಂದರೆ, ಹೊಡೆಯುವವರೂ ತಿಂದರು, ಎಸೆಯುವವರೂ ತಿಂದರು, ಅಲ್ಲಿಗೆ ಸರಿಗೆ ಸರಿ ಆಯಿತಲ್ಲ ಅಂತ. ಮೊತ್ತದಲ್ಲಿ ಸರಿಹೋದೀತು, ಮನುಷ್ಯನ ಲೆಕ್ಕದಲ್ಲಿ ಸರಿಹೋಗುವುದಿಲ್ಲ. ಒಂದು ಉದಾಹರಣೆ ಕಟ್ಟೋಣ. ಹತ್ತು ಜನ, ಎಲ್ಲರೂ ವರ್ಷಕ್ಕೆ ಇಪ್ಪತ್ತು ಹೊಡೆಯುವವರು. ಐದು ಜನ ಔಷಧಿ ತಿಂದು ಮೂವತ್ತು ಹೊಡೆದರು. ಸರಾಸರಿ ಇಪ್ಪತ್ತೈದಾಯಿತು. ತಿನ್ನದವನು ಮೊದಲಿನಷ್ಟೇ ಹೊಡೆಯುತ್ತಿದ್ದಾನೆ, ಆದರೆ ಈಗ ಅವನು "ಸರಾಸರಿಗಿಂತ ಕಳಪೆ"! ಬೇರೆ ಬೇರೆ ಕಾಲದ ಆಟಗಾರರನ್ನು ಹೋಲಿಸುವ ಸಿಮ್ಯುಲೇಶನ್‌ಗಳು ಆಯಾ ಕಾಲದ ಸರಾಸರಿಗೆ ಹೋಲಿಸಿಯೇ ಕಾರ್ಡು ಮಾಡುತ್ತವೆ. ಹಾಗಾಗಿ ಆ ಪ್ರಾಮಾಣಿಕನ ಕಾರ್ಡು ಶಾಶ್ವತವಾಗಿ ಕೆಟ್ಟಿತು. ಮೈದಾನದಲ್ಲಿ ಒಂದು ಸಲ ಸೋತವನನ್ನು ಕಂಪ್ಯೂಟರಿನಲ್ಲಿ ದಿನಾ ರಾತ್ರಿ ಸೋಲಿಸುತ್ತಾರೆ. ಅವನು ಯಾರು ಅಂತ ನಮಗೆ ಗೊತ್ತೂ ಇಲ್ಲ, ಯಾಕೆಂದರೆ ಯಾರು ತಿಂದರು, ಯಾರು ತಿನ್ನಲಿಲ್ಲ ಅನ್ನುವ ಪೂರ್ತಿ ಪಟ್ಟಿ ಯಾರ ಬಳಿಯೂ ಇಲ್ಲ.

"ಹಾಗಾದ್ರೆ ನಿಮ್ಮೂರಿನ ಕಾಫಿನೂ ಡ್ರಗ್ಗೇ, ಅದಕ್ಕೇನಂತೀಯಾ?"

ಹ್ಞಾಂ, ಈ ಪ್ರಶ್ನೆಗೇ ಕಾಯುತ್ತಿದ್ದೆ. ನಿಜ, ಕೆಫೀನ್ ದಣಿವು ಮರೆಸುತ್ತದೆ. 2003ರ ಕೊನೆಯವರೆಗೂ ಅದು ಕ್ರೀಡೆಯ ನಿಷೇಧಿತ ಪಟ್ಟಿಯಲ್ಲಿತ್ತು. ಮೂತ್ರದಲ್ಲಿ ಮಿಲಿಲೀಟರಿಗೆ 12 ಮೈಕ್ರೋಗ್ರಾಂ ದಾಟಿದರೆ ತಪ್ಪು. 2004ರ ಜನವರಿಯಿಂದ ಆ ನಿಷೇಧ ತೆಗೆದರು, ಈಗ ನಿಗಾ ಪಟ್ಟಿಯಲ್ಲಿ ಮಾತ್ರ ಇದೆ. ನನ್ನ ಪ್ರಕಾರ ವ್ಯತ್ಯಾಸ ಸರಳ. ಕಾಫಿ ಎಲ್ಲರೂ ಕುಡಿಯುತ್ತಾರೆ, ಎಲ್ಲರೆದುರೇ ಕುಡಿಯುತ್ತಾರೆ. ಅದರ ಪರಿಣಾಮ ಏನೇ ಇರಲಿ, ಎಲ್ಲರ ಅಂಕಿಯಲ್ಲೂ ಸೇರಿಹೋಗಿದೆ. ತಮಾಷೆ ಏನು ಗೊತ್ತಾ? ಬೇಸ್‌ಬಾಲ್ ತಂಡಗಳ ಕೋಣೆಯಲ್ಲೇ ಎರಡು ಬಗೆಯ ಕಾಫಿ ಇರುತ್ತಿತ್ತಂತೆ, ಒಂದು ಬರೀ ಕಾಫಿ, ಇನ್ನೊಂದಕ್ಕೆ ಆಂಫೆಟಮಿನ್ ಬೆರೆಸಿದ್ದು. ಆಂಫೆಟಮಿನ್‌ಗೆ ಅಲ್ಲಿ ಪರೀಕ್ಷೆ ಶುರುವಾದದ್ದೇ 2006ರಲ್ಲಿ. ಬಣ್ಣ ಒಂದೇ, ಲೋಟ ಒಂದೇ!

ಕಾಫಿ ಸೀಮೆಯವನಾಗಿ ಇಷ್ಟು ಹೇಳಬಲ್ಲೆ. ಕಾಫಿ ಪುಡಿಗೆ ಚಿಕೋರಿ ಬೆರೆಸುವುದು ಅಪರಾಧವಲ್ಲ. ಕಾಫಿ ಕನಿಷ್ಠ 51 ಶೇಕಡಾ ಇರಬೇಕು, ಚಿಕೋರಿ ಎಷ್ಟಿದೆ ಅಂತ ಪ್ಯಾಕೆಟ್ಟಿನ ಮೇಲೆ ಬರೆದಿರಬೇಕು. ಬರೆದರೆ ಮಿಶ್ರಣ, ಬರೆಯದಿದ್ದರೆ ಕಲಬೆರಕೆ. ನಾನು ಭಾವನಿಗೆ ಕೇಳುವುದೂ ಅಷ್ಟೇ. ಮೆಕ್‌ಗ್ವೈರನ್ನು ಅಳಿಸಿಹಾಕಿ ಅನ್ನುತ್ತಿಲ್ಲ. ಎಪ್ಪತ್ತು ಚೆಂಡು ಬೇಲಿ ದಾಟಿದ್ದು ನಿಜ, ಅದು ಪುಸ್ತಕದಲ್ಲಿರಲಿ. ಆದರೆ ಅದರ ಪಕ್ಕ ಇನ್ನೊಂದು ಕಾಲಂ ಇರಲಿ. ಸರಾಸರಿ ತೆಗೆಯುವಾಗ, ಇನ್ನೊಬ್ಬನನ್ನು ಅಳೆಯುವಾಗ ಆ ಕಾಲಂ ನೋಡಿ.

ಇದೇನು ದೂರದ ಅಮೆರಿಕದ ಗೋಳು ಅಂತ ಬಿಡುವ ಹಾಗೂ ಇಲ್ಲ. ನಮ್ಮ ಘಟ್ಟದ ಕೆಳಗೆ, ಕುಂದಾಪುರ ಕಡೆಯ ಸಿದ್ದಾಪುರದ ಹತ್ತಿರ ಜನ್ಸಾಲೆ. ಅಲ್ಲಿಯ ಅಶ್ವಿನಿ ಅಕ್ಕುಂಜೆ 2010ರಲ್ಲಿ ಗುವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ 400 ಮೀಟರ್ ಹರ್ಡಲ್ಸನ್ನು 56.15 ಸೆಕೆಂಡಿಗೆ ಓಡಿ ಚಿನ್ನ ಗೆದ್ದಾಗ ನಾವೆಲ್ಲ ಕುಣಿದಿದ್ದೆವು. 2011ರಲ್ಲಿ ಅವರೂ ಇನ್ನೂ ಕೆಲವು ಓಟಗಾರ್ತಿಯರೂ ಅನಬಾಲಿಕ್ ಸ್ಟೆರಾಯ್ಡ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. ಪೂರಕ ಆಹಾರದಲ್ಲಿ ಬಂದದ್ದು, ನಮಗೆ ಗೊತ್ತಿರಲಿಲ್ಲ ಅಂತ ಹೇಳಿದರು. ಉಕ್ರೇನಿನ ಕೋಚ್ ಯೂರಿ ಒಗೊರೊದ್ನಿಕ್ ಅವರನ್ನು ತೆಗೆದುಹಾಕಲಾಯಿತು. ಹುಡುಗಿಯರಿಗೆ ಮೊದಲು ಒಂದು ವರ್ಷದ ನಿಷೇಧ, 2012ರಲ್ಲಿ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಾಲಯ ಅದನ್ನು ಎರಡು ವರ್ಷಕ್ಕೆ ಏರಿಸಿತು.

ಗುವಾಂಗ್‌ಝೌ ಚಿನ್ನ ಇಂದಿಗೂ ಅವರದೇ. ಆ ಓಟದ ಮೇಲೆ ಯಾವ ಆರೋಪವೂ ಸಾಬೀತಾಗಿಲ್ಲ. ಆದರೂ 56.15 ಅಂದ ಕೂಡಲೇ ಜನ ಹುಬ್ಬೇರಿಸುತ್ತಾರೆ. ಒಂದು ವರ್ಷದ ಮೈಲಿಗೆ ಹಿಂದಿನ ವರ್ಷಕ್ಕೂ ಅಂಟಿಕೊಂಡಿತು. "ಅಂಕಿಗೆ ಮೈಲಿಗೆ ಇಲ್ಲ" ಅನ್ನುವವರು ಮೊದಲು ಇದಕ್ಕೆ ಉತ್ತರ ಹೇಳಲಿ.

ಇನ್ನು ಮೋಸಹೋದವರ ಕಡೆಯಿಂದ ನೋಡಿ. ಬೆಂಗಳೂರಿನಲ್ಲಿ ನೆಲೆಸಿರುವ ಅಂಜು ಬಾಬಿ ಜಾರ್ಜ್ 2005ರಲ್ಲಿ ಮೊನಾಕೋದ ವಿಶ್ವ ಅಥ್ಲೆಟಿಕ್ಸ್ ಫೈನಲ್‌ನಲ್ಲಿ ಲಾಂಗ್ ಜಂಪ್ ಬೆಳ್ಳಿ ಗೆದ್ದರು. ಮೊದಲು ಬಂದಿದ್ದ ರಷ್ಯಾದ ತಾತ್ಯಾನಾ ಕೊಟೊವಾ ಅವರ ಹಳೆಯ ಸ್ಯಾಂಪಲ್ ವರ್ಷಗಳ ನಂತರ ಮತ್ತೆ ಪರೀಕ್ಷಿಸಿದಾಗ ಬಣ್ಣ ಬಯಲಾಯಿತು, 2014ರಲ್ಲಿ ಅಂಜು ಅವರ ಬೆಳ್ಳಿ ಚಿನ್ನವಾಯಿತು. ಪಟ್ಟಿ ತಿದ್ದಿದರು, ಸಂತೋಷ. ಆ ಒಂಬತ್ತು ವರ್ಷ "ಎರಡನೆಯವಳು" ಅಂತ ಹಾಕಿದ ಲೆಕ್ಕಗಳನ್ನು ಯಾರು ತಿದ್ದುತ್ತಾರೆ?

2004ರ ಅಥೆನ್ಸ್ ಒಲಿಂಪಿಕ್ಸ್ ಇನ್ನೂ ವಿಚಿತ್ರ. ಅಂಜು 6.83 ಮೀಟರ್ ಹಾರಿ ಐದನೆಯವರಾದರು. ಮೊದಲ ಮೂರೂ ಸ್ಥಾನ ರಷ್ಯಾದವರದು: ಲೆಬೆಡೆವಾ, ಸಿಮಾಗಿನಾ, ಮತ್ತೆ ಅದೇ ಕೊಟೊವಾ. ಮೂವರೂ ಮುಂದೆ ಬೇರೆ ಬೇರೆ ಕೂಟಗಳ ಡೋಪಿಂಗ್ ಪ್ರಕರಣಗಳಲ್ಲಿ ಸಿಕ್ಕಿಬಿದ್ದರು. ಅಥೆನ್ಸ್‌ನ ಫಲಿತಾಂಶ ಮಾತ್ರ ಹಾಗೇ ಇದೆ. ಆ ದಿನ ಏನೂ ಸಾಬೀತಾಗಲಿಲ್ಲ, ಆದ್ದರಿಂದ ಪದಕ ಕಿತ್ತುಕೊಳ್ಳಿ ಅನ್ನಲು ನಾನು ನ್ಯಾಯಾಧೀಶನಲ್ಲ. ಆದರೆ ಭಾವನಂಥ ಲೆಕ್ಕಿಗರು ನಾಳೆ ಲಾಂಗ್ ಜಂಪಿನ ಸಿಮ್ಯುಲೇಶನ್ ಮಾಡಿದರೆ ಆ ಮೂವರ ಕಾರ್ಡು ಅಂಜು ಅವರನ್ನು ಎಷ್ಟು ಸಲ ಸೋಲಿಸುತ್ತದೆ ಅಂತ ಒಮ್ಮೆ ಎಣಿಸಿ ನೋಡಲಿ. 6.83 ಇಪ್ಪತ್ತು ವರ್ಷ ದಾಟಿದರೂ ಭಾರತದ ದಾಖಲೆಯಾಗಿಯೇ ಉಳಿದಿದೆ. ಆ ಕಾರ್ಡಿನಲ್ಲಿ ಅವರು ಬರೀ "ನಂಬರ್ ಐದು".